ಬೇಕರ್ ಸರೋವರದಲ್ಲಿ ಒಬ್ಬನೇ ಸಾಕೈ ಸಾಲ್ಮನ್ ಹಿಡಿಯುವ ಬಗೆ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಮೌಂಟ್ ಬೇಕರ್ ಪರ್ವತದ ಬುಡದಲ್ಲಿರುವ ಬೇಕರ್ ಸರೋವರಕ್ಕೆ ಸಾಕೈ ಎಂಬ ಜಾತಿಯ ಸಾಲ್ಮನ್ ಮೀನು ತಾನಾಗಿ ಈಜಿ ಬರುವುದಿಲ್ಲ. ಸಮುದ್ರದಿಂದ ಸ್ಕ್ಯಾಜಿಟ್ ನದಿಯನ್ನೇರಿ, ಕಾಂಕ್ರೀಟ್ ಎಂಬ ಊರಿನ ಬಳಿ ಬೇಕರ್ ನದಿಗೆ ತಿರುಗುವ ಮೀನುಗಳನ್ನು ಕೆಳಗಿನ ಅಣೆಕಟ್ಟಿನ ಬಳಿ ಹಿಡಿದು, ನೀರು ತುಂಬಿದ ಲಾರಿಗಳಲ್ಲಿ ಮೇಲಕ್ಕೆ ಸಾಗಿಸುತ್ತಾರೆ. 1925ರಲ್ಲೊಂದು, 1959ರಲ್ಲೊಂದು ಅಣೆಕಟ್ಟು ಎದ್ದು ದಾರಿ ಕಟ್ಟಿದ ಈ ನದಿಗೆ 1985ರಲ್ಲಿ ಮರಳಿದ್ದು ಕೇವಲ 99 ಸಾಕೈ. ಮರಿ ಮಾಡಿಸುವ ಕೇಂದ್ರವೂ, ಸಮುದ್ರಕ್ಕಿಳಿಯುವ ಮರಿಗಳನ್ನು ಅಣೆಕಟ್ಟು ದಾಟಿಸುವ ವ್ಯವಸ್ಥೆಯೂ ಸುಧಾರಿಸಿದ ಮೇಲೆ ಈಗ ಒಳ್ಳೆಯ ವರ್ಷಗಳಲ್ಲಿ ಹತ್ತಾರು ಸಾವಿರ ಮೀನುಗಳು ಬರುತ್ತವೆ. ಲಾರಿಯಲ್ಲಿ ಎಷ್ಟು ಮೀನು ಸರೋವರ ಸೇರಿತು ಎಂಬ ಲೆಕ್ಕವನ್ನು ರಾಜ್ಯದ ಮೀನು ಇಲಾಖೆ ಪ್ರಕಟಿಸುತ್ತದೆ. ಜುಲೈ ತಿಂಗಳಲ್ಲಿ ನಾನು ಆ ಲೆಕ್ಕವನ್ನೂ ಆ ವರ್ಷದ ನಿಯಮವನ್ನೂ ನೋಡಿಕೊಂಡೇ ದಿನ ಗೊತ್ತು ಮಾಡುತ್ತೇನೆ, ಏಕೆಂದರೆ ಎಷ್ಟು ಮೀನು ಇಟ್ಟುಕೊಳ್ಳಬಹುದು ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ.

ಸಾಕೈ ಬೇರೆ ಕೆಲವು ಸಾಲ್ಮನ್‌ಗಳಂತೆ ಮುಖ್ಯವಾಗಿ ಸಣ್ಣ ಮೀನುಗಳನ್ನು ಅಟ್ಟಿಸಿಕೊಂಡು ತಿನ್ನುವ ಜಾತಿಯಲ್ಲ. ಕಿವಿರಿನೊಳಗಿನ ಒತ್ತಾದ ಮುಳ್ಳುಸಾಲಿನಿಂದ ನೀರಿನಲ್ಲಿ ತೇಲುವ ಪುಟ್ಟ ಜೀವಿಗಳನ್ನು ಸೋಸಿ ತಿಂದು ಬೆಳೆಯುವ ಈ ಮೀನು, ಮೊಟ್ಟೆಯಿಡಲು ಮರಳಿ ಬಂದಾಗ ಹೆಚ್ಚುಕಡಿಮೆ ಆಹಾರವನ್ನೇ ಬಿಟ್ಟಿರುತ್ತದೆ. ಹಾಗಾಗಿ ಗಾಳಕ್ಕೆ ಬಾಯಿ ಹಾಕುವುದು ಹಸಿವಿನಿಂದಲ್ಲ, ಕಣ್ಣೆದುರು ನಿಧಾನವಾಗಿ ಹೊಯ್ದಾಡುವ ವಸ್ತುವಿನ ಮೇಲಿನ ಸಿಟ್ಟಿನಿಂದಲೋ ಕುತೂಹಲದಿಂದಲೋ ಎಂದು ನಾನು ನಂಬಿದ್ದೇನೆ. ಆದ್ದರಿಂದಲೇ ಸಾಗುವ ದೋಣಿಯ ಹಿಂದೆ ಏನನ್ನು ಎಳೆಯುತ್ತೇವೆ ಎಂಬುದಕ್ಕಿಂತ ಎಷ್ಟು ನಿಧಾನವಾಗಿ ಎಳೆಯುತ್ತೇವೆ ಎಂಬುದು ಹೆಚ್ಚು ಮುಖ್ಯ. ನನ್ನ ಸಲಕರಣೆ ಸರಳ: ಎಳೆದಾಗ ಅತ್ತಿತ್ತ ಹೊಯ್ದಾಡಿ ಮೀನಿನ ಕಣ್ಣು ಸೆಳೆಯುವ, ಸೊನ್ನೆ ನಂಬರಿನ ಬೆಳ್ಳಿ ಬಣ್ಣದ ಡಾಡ್ಜರ್ ತಗಡು, ಅದರ ಹಿಂದೆ ಸುಮಾರು 30 ಸೆಂಟಿಮೀಟರ್ ಉದ್ದದ ದಪ್ಪ ದಾರ, ತುದಿಯಲ್ಲಿ ಎರಡು ಕೆಂಪು ಕೊಕ್ಕೆ, ಅವುಗಳಿಗೆ ಗುಲಾಬಿ ಬಣ್ಣ ಹಾಕಿದ ಸಿಗಡಿಯ ಚಿಕ್ಕ ತುಂಡು. ದಾರ ಗಿಡ್ಡಗೂ ಬಿರುಸಾಗಿಯೂ ಇದ್ದರೆ ಮಾತ್ರ ಡಾಡ್ಜರ್‌ನ ಪ್ರತಿ ಹೊಯ್ದಾಟವೂ ಕೊಕ್ಕೆಗೆ ತಲುಪುತ್ತದೆ.

ದೋಣಿಯ ವೇಗ ಗಂಟೆಗೆ ಒಂದು ಮೈಲಿಯ ಆಸುಪಾಸಿನಲ್ಲಿರಬೇಕು. ಜಿಪಿಎಸ್ ತೋರಿಸುವ ಅಂಕಿಯನ್ನೊಂದೇ ನೆಚ್ಚದೆ, ಗಾಳವನ್ನು ಕೆಳಗಿಳಿಸುವ ಮೊದಲು ಡಾಡ್ಜರನ್ನು ದೋಣಿಯ ಪಕ್ಕದಲ್ಲೇ ನೀರಿನಲ್ಲಿ ಎಳೆದು ನೋಡುತ್ತೇನೆ. ಅದು ಎಡಕ್ಕೂ ಬಲಕ್ಕೂ ಸೋಮಾರಿಯಾಗಿ ವಾಲಬೇಕು. ಪೂರ್ತಿ ಸುತ್ತು ತಿರುಗಿದರೆ ವೇಗ ಹೆಚ್ಚಾಯಿತೆಂದೂ, ಸುಮ್ಮನೆ ಜೋತುಬಿದ್ದರೆ ಸಾಲದೆಂದೂ ಅರ್ಥ. ಕೆಳಗಿಳಿದ ಮೇಲೆ ಇದೇ ಲಯವನ್ನು ಗಾಳದ ಕೋಲಿನ ತುದಿಯ ಮಿಡಿತದಲ್ಲಿ ಓದಿಕೊಳ್ಳಬಹುದು.

ಬೆಳಕು ಹರಿಯುವ ಹೊತ್ತಿಗೆ ಮೀನು ಮೇಲೆಯೇ ಇರುವುದರಿಂದ ಡೌನ್‌ರಿಗ್ಗರ್‌ನ (ಗಾಳದ ದಾರವನ್ನು ಕ್ಲಿಪ್ಪಿನಲ್ಲಿ ಹಿಡಿದು ಬೇಕಾದ ಆಳಕ್ಕೆ ಒಯ್ಯುವ, ದೋಣಿಗೆ ಜೋಡಿಸಿದ ಸಾಧನ) ಸೀಸದ ಗುಂಡನ್ನು 20 ಅಡಿಗೆ ಇಳಿಸಿ ಪ್ರಾರಂಭಿಸುತ್ತೇನೆ. ಬಿಸಿಲು ನೀರಿಗೆ ಬಿದ್ದ ಮೇಲೆ ಮೀನುಗಳ ಜೊತೆಗೆ ಗುಂಡೂ 40, 50, 60 ಅಡಿಗೆ ಇಳಿಯುತ್ತದೆ. ನೀರಿನಡಿಯ ಮೀನನ್ನು ತೋರಿಸುವ ಫಿಶ್‌ಫೈಂಡರ್ ಪರದೆಯಲ್ಲಿ ಹಿಂಡು ಕಂಡ ಆಳಕ್ಕಿಂತ ಒಂದೆರಡು ಅಡಿ ಮೇಲೆಯೇ ಗಾಳವನ್ನು ನಿಲ್ಲಿಸುತ್ತೇನೆ, ಏಕೆಂದರೆ ಸಾಕೈ ಮೇಲೆ ಕಂಡದ್ದಕ್ಕೆ ಏರಿ ಬರುತ್ತದೆಯೇ ಹೊರತು ಕೆಳಗಿನದಕ್ಕೆ ಇಳಿಯುವುದು ಅಪರೂಪ. ನೇರವಾಗಿ ಸಾಗದೆ ಹಾವಿನ ಹಾದಿಯಂತೆ ಬಳಸಿ ಹೋಗುವುದು ಒಳ್ಳೆಯದು. ತಿರುವಿನ ಒಳಬದಿಯಲ್ಲಿದ್ದರೆ ಗಾಳ ನಿಧಾನವಾಗುತ್ತದೆ, ಹೊರಬದಿಯಲ್ಲಿದ್ದರೆ ಚುರುಕಾಗುತ್ತದೆ. ಮೀನು ಯಾವಾಗ ಕಚ್ಚಿತು ಎಂಬುದರಿಂದ ಆ ದಿನದ ವೇಗ ಗೊತ್ತಾಗುತ್ತದೆ.

ಒಬ್ಬನೇ ಇರುವಾಗ ಕಷ್ಟವೆಲ್ಲ ಮೀನು ಕಚ್ಚಿದ ಕ್ಷಣದಿಂದಲೇ ಶುರು. ಎರಡು ಕೋಲು ಬಿಡಲು ಅವಕಾಶವಿದ್ದರೂ ನಾನು ಒಂದನ್ನೇ ಬಿಡುತ್ತೇನೆ. ಎರಡನೆಯದು ತಂದುಕೊಡುವ ಮೀನಿಗಿಂತ ಅದು ತರುವ ಗೋಜಲೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ದಾರ ಕ್ಲಿಪ್ಪಿನಿಂದ ಬಿಡಿಸಿಕೊಂಡು ಕೋಲಿನ ತುದಿ ಮೇಲಕ್ಕೆ ಚಿಮ್ಮಿದಾಗ ಜಗ್ಗಬಾರದು, ಏಕೆಂದರೆ ಸಾಕೈ ಬಾಯಿ ಬಲು ಮೆದು, ಎಳೆದರೆ ಹರಿದೇ ಹೋಗುತ್ತದೆ. ರೀಲನ್ನು ತಿರುಗಿಸಿ ಸಡಿಲವನ್ನು ಸುತ್ತಿಕೊಂಡು, ಇನ್ನೊಂದು ಕೈಯಿಂದ ಡೌನ್‌ರಿಗ್ಗರ್‌ನ ಗುಂಡಿ ಒತ್ತಿ ಸೀಸದ ಗುಂಡು ತಾನಾಗಿ ಮೇಲೇರಲು ಬಿಡುತ್ತೇನೆ. ಮೋಟಾರನ್ನು ಮಾತ್ರ ನಿಲ್ಲಿಸುವುದಿಲ್ಲ. ವಿದ್ಯುತ್ ಮೋಟಾರು ತನ್ನ ದಿಕ್ಕು ಹಿಡಿದು ದೋಣಿಯನ್ನು ಬಯಲು ನೀರಿನತ್ತ ಮೆಲ್ಲಗೆ ಒಯ್ಯುತ್ತಿದ್ದರೆ ದಾರ ಬಿಗಿಯಾಗಿರುತ್ತದೆ, ಮೀನೂ ಹಿಂದೆಯೇ ಇರುತ್ತದೆ.

ಕೈಬಲೆ ಎಡಗಡೆ, ಹಿಡಿ ನನ್ನತ್ತ ಇರುವಂತೆ ಮೊದಲೇ ಮಲಗಿರುತ್ತದೆ. ಮೀನು ಹತ್ತಿರ ಬಂದಾಗ ಡಾಡ್ಜರ್ ಕೋಲಿನ ತುದಿಗೆ ಬಡಿಯುವವರೆಗೆ ಸುತ್ತದೆ, ಕೋಲಿನುದ್ದದಷ್ಟು ದಾರವನ್ನು ಹೊರಗೇ ಬಿಟ್ಟು, ಬಲಗೈಯಲ್ಲಿ ಕೋಲನ್ನು ತಲೆಯ ಮೇಲಿಂದ ಹಿಂದಕ್ಕೆ ಎತ್ತುತ್ತೇನೆ. ಮೀನು ಡಾಡ್ಜರ್‌ನಿಂದ ಒಂದು ಅಡಿ ಮಾತ್ರ ಹಿಂದಿರುವುದರಿಂದ ಅದರ ತಲೆ ನೇರ ಬಲೆಯ ಬಾಯಿಗೆ ಬರುತ್ತದೆ. ಗಿಡ್ಡ ದಾರದ ನಿಜವಾದ ಬೆಲೆ ಒಬ್ಬಂಟಿಗನಿಗೆ ತಿಳಿಯುವುದು ಇಲ್ಲಿಯೇ. ಬಾಗುವಾಗಲೆಲ್ಲ ಲೈಫ್ ಜಾಕೆಟ್ ಮೈಮೇಲಿರಬೇಕು. ಹಿಮ ಕರಗಿ ಬಂದ ಆ ನೀರಿಗೆ ಬಿದ್ದವನನ್ನು ಎತ್ತಲು ದೋಣಿಯಲ್ಲಿ ಮತ್ತೊಬ್ಬರಿಲ್ಲ.

ಬುಲ್ ಟ್ರೌಟ್ ಎಂಬ ಬೇರೆ ಮೀನು ಸಿಕ್ಕಿದರೆ ನೀರಿನಿಂದ ಎತ್ತದೆ ಕೊಕ್ಕೆ ಬಿಡಿಸಿ ಬಿಡುತ್ತೇನೆ. ಅದು ಕಾನೂನಿನ ರಕ್ಷಣೆಯಲ್ಲಿರುವ ಜಾತಿ. ಸಾಕೈ ಆದರೆ ತಕ್ಷಣ ತಲೆಗೆ ಒಂದೇ ಪೆಟ್ಟು ಹಾಕಿ, ಕಿವಿರು ಕತ್ತರಿಸಿ ನೀರಿನ ಬಕೆಟ್ಟಿನಲ್ಲಿ ರಕ್ತ ಬಸಿದು, ಹಿಡಿದ ಮೀನಿನ ಲೆಕ್ಕ ಬರೆಯುವ ಕ್ಯಾಚ್ ಕಾರ್ಡಿನಲ್ಲಿ ಗುರುತು ಹಾಕಿಯೇ ಮುಂದಿನ ಸಿಗಡಿಗೆ ಕೈ ಹಾಕುತ್ತೇನೆ. ರಕ್ತ ಬಸಿದು ಮಂಜುಗಡ್ಡೆಯಲ್ಲಿ ಹೂತಿಟ್ಟ ಮೀನಿನ ಮಾಂಸ ಸಂಜೆ ಕೊಯ್ದಾಗಲೂ ಕಡುಗೆಂಪಾಗಿ ಗಟ್ಟಿಯಾಗಿರುತ್ತದೆ. ಮಧ್ಯಾಹ್ನದ ಗಾಳಿ ಎದ್ದು ದೋಣಿಯನ್ನು ತಳ್ಳತೊಡಗಿದರೆ ಒಂದು ಮೈಲಿಯ ವೇಗ ಹಿಡಿದಿಡುವುದು ಆಗದ ಮಾತು. ಆಗ ಇನ್ನೊಂದು ಮೀನು ಬಾಕಿಯಿದ್ದರೂ ಗುಂಡನ್ನು ಮೇಲೆತ್ತಿ ದಡಕ್ಕೆ ತಿರುಗುತ್ತೇನೆ.