ಶಾಲು ಸಡಿಲ, ಕಾಲುಚೀಲ ಬಿಗಿ: ಚಳಿಗೆ ಮುಂಚೆ ಶುರು ಮಾಡಬೇಕಾದ ಕೈಹೆಣಿಗೆ

ಕಲಬುರಗಿ, ಯಾದಗಿರಿ ಕಡೆ ಚಳಿ ಇರುವುದು ಡಿಸೆಂಬರ್-ಜನವರಿಯ ರಾತ್ರಿ ಮತ್ತು ಬೆಳಗಿನ ಹೊತ್ತು. ಎತ್ತರದಲ್ಲಿರುವ ಬೀದರಿನಲ್ಲಿ ಅದು ಇನ್ನಷ್ಟು ಚುರುಕು. ಮಧ್ಯಾಹ್ನಕ್ಕೆ ಮತ್ತೆ ಬಿಸಿಲು. ಇಂಥ ಹವೆಗೆ ಬೆಳಗ್ಗೆ ಹೊದ್ದು, ಹತ್ತು ಗಂಟೆಗೆ ಮಡಚಿ ಚೀಲಕ್ಕೆ ಹಾಕುವಷ್ಟು ಹಗುರವಾದ ಶಾಲು ಬೇಕು. ಜೊತೆಗೆ ಫರ್ಸಿ ನೆಲದ ತಂಪು ಅಂಗಾಲಿಗೆ ಏರದಂತೆ ತಡೆಯುವ ಕಾಲುಚೀಲ.

ಎರಡಕ್ಕೂ ಹೆಣಿಗೆ ಒಂದೇ, ಲೆಕ್ಕ ಮಾತ್ರ ತಿರುವುಮುರುವು. ಶಾಲಿನ ಕುಣಿಕೆಗಳ ನಡುವೆ ಗಾಳಿ ನಿಂತರೆ ಬೆಚ್ಚಗಾಗುತ್ತದೆ, ಮೈಮೇಲೆ ಮೆತ್ತಗೆ ಇಳಿಬೀಳುತ್ತದೆ. ಅದಕ್ಕೆ ದಪ್ಪ ಕಡ್ಡಿ ಬೇಕು. ಕಾಲುಚೀಲ ನೆಲಕ್ಕೂ ಚಪ್ಪಲಿಗೂ ತಿಕ್ಕುತ್ತಲೇ ಇರುತ್ತದೆ, ಅದಕ್ಕೆ ತೆಳು ಕಡ್ಡಿ. ಹೊಸಬರ ಶಾಲು ಬಿರುಸಾಗುವುದಕ್ಕೂ, ಕಾಲುಚೀಲದ ಹಿಮ್ಮಡಿ ಬೇಗ ತೂತಾಗುವುದಕ್ಕೂ ಬಹುಪಾಲು ಒಂದೇ ಕಾರಣ: ಮನೆಯಲ್ಲಿದ್ದ ಒಂದೇ ಜೊತೆ ಕಡ್ಡಿಯಲ್ಲಿ ಎರಡನ್ನೂ ಹೆಣೆದಿರುತ್ತಾರೆ.

ದಾರ, ಕಡ್ಡಿ

ಅಂಗಡಿಯಲ್ಲಿ ‘ಉಲನ್’ ಅಂತ ಕೇಳಿದರೆ ಸಾಮಾನ್ಯವಾಗಿ ಸಿಗುವುದು ಅಕ್ರಿಲಿಕ್, ಅಂದರೆ ಉಣ್ಣೆಯಂತೆ ಕಾಣುವ ಕೃತಕ ದಾರ. ಶಾಲಿಗೆ ಅದು ಸಾಕು: ಹಗುರ, ಅಗ್ಗ, ನುಸಿ ತಿನ್ನುವುದಿಲ್ಲ. ಕಾಲುಚೀಲಕ್ಕೆ ಅದು ಎರಡನೇ ಆಯ್ಕೆ, ಏಕೆಂದರೆ ಬೆವರು ಹೀರುವುದಿಲ್ಲ. ಪಾದ ಒದ್ದೆಯಾಗಿ ಮತ್ತೆ ತಣ್ಣಗಾಗುತ್ತದೆ. ಮುಕ್ಕಾಲು ಪಾಲು ಉಣ್ಣೆ, ಕಾಲು ಪಾಲು ನೈಲಾನ್ ಇರುವ ಕಾಲುಚೀಲದ ದಾರವನ್ನು ಆನ್‌ಲೈನಿನಲ್ಲಿ ತರಿಸಿಕೊಳ್ಳಿ. 100 ಗ್ರಾಮಿಗೆ ಸುಮಾರು 400 ಮೀಟರ್ ಬರುವಂಥದ್ದು ಒಂದು ಜೊತೆಗೆ ಧಾರಾಳ. ಉಣ್ಣೆ ಬೆವರು ಹೀರುತ್ತದೆ, ನೈಲಾನ್ ಸವೆತ ತಡೆಯುತ್ತದೆ. ಬರೀ ಹತ್ತಿ ದಾರ ಬೇಡ. ಅದಕ್ಕೆ ಹಿಗ್ಗಿ ಕುಗ್ಗುವ ಗುಣ ಕಡಿಮೆ, ಸಂಜೆಯೊಳಗೆ ಕಣಕಾಲಿಗೆ ಜಾರುತ್ತದೆ. ನಮ್ಮ ಕಡೆಯ ಕುರಿ ಉಣ್ಣೆ ಕಂಬಳಿಗೆ ಬಹಳ ಒಳ್ಳೆಯದು. ಆದರೆ ಎಳೆ ಒರಟು, ಬರಿಗಾಲಿಗೆ ಚುಚ್ಚುತ್ತದೆ.

ಕಡ್ಡಿ ಕೊಳ್ಳುವಾಗ ನಂಬರನ್ನು ನಂಬಬೇಡಿ, ಮಿಲಿಮೀಟರ್ ನೋಡಿ. ನಮ್ಮ ಅಂಗಡಿಗಳಲ್ಲಿ ನಡೆಯುವ ಹಳೆಯ ಬ್ರಿಟಿಷ್ ಲೆಕ್ಕದಲ್ಲಿ ನಂಬರ್ ಏರಿದಷ್ಟೂ ಕಡ್ಡಿ ತೆಳು, ಅಮೆರಿಕದ ಲೆಕ್ಕದಲ್ಲಿ ದಪ್ಪ. ಇಲ್ಲಿನ 8 ಎಂದರೆ 4 ಮಿ.ಮೀ., ಅಲ್ಲಿನ 8 ಎಂದರೆ 5 ಮಿ.ಮೀ. ಯೂಟ್ಯೂಬ್ ನೋಡಿ ಹೆಣೆಯುವವರು ಎಡವುವುದು ಇಲ್ಲೇ. ಈ ಶಾಲಿಗೆ 5 ಮಿ.ಮೀ. (ಇಲ್ಲಿನ 6), ಕಾಲುಚೀಲಕ್ಕೆ ಎರಡೂ ತುದಿ ಚೂಪಿರುವ 2.25 ಮಿ.ಮೀ. (ಇಲ್ಲಿನ 13) ಐದು ಕಡ್ಡಿಗಳು. ಬೆವರುವ ಕೈಯಾದರೆ ಬಿದಿರಿನ ಕಡ್ಡಿ ಹಿಡಿತಕ್ಕೆ ಚೆನ್ನ.

ಶಾಲು

ಮೊದಲು 15 ಸೆಂ.ಮೀ. ಚೌಕದ ಒಂದು ತುಂಡು ಹೆಣೆದು ನೋಡಿ. ಬೇಸರದ ಕೆಲಸ ಅನ್ನಿಸಬಹುದು, ಆದರೆ ಅಳತೆ, ದಾರ, ಖರ್ಚು ಮೂರೂ ಅದರಲ್ಲೇ ತಿಳಿಯುತ್ತವೆ. ಎಲ್ಲ ಸಾಲೂ ಸೀದಾ (ನಿಟ್) ಹೆಣೆಯಿರಿ, ಉಲ್ಟಾ (ಪರ್ಲ್) ಬೇಡ. ಮಧ್ಯದ 10 ಸೆಂ.ಮೀ.ಗೆ ಎಷ್ಟು ಕುಣಿಕೆ ಬಂತೆಂದು ಎಣಿಸಿ. 18 ಬಂದರೆ 50 ಸೆಂ.ಮೀ. ಅಗಲಕ್ಕೆ 90 ಕುಣಿಕೆ. ಆಮೇಲೆ ಆ ತುಂಡನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. 225 ಚದರ ಸೆಂ.ಮೀ.ಗೆ 9 ಗ್ರಾಮ್ ಆದರೆ, 50 × 160 ಸೆಂ.ಮೀ. ಶಾಲಿಗೆ, ಅಂದರೆ 8000 ಚದರ ಸೆಂ.ಮೀ.ಗೆ 320 ಗ್ರಾಮ್. ಮೇಲೆ ಹತ್ತನೇ ಒಂದು ಪಾಲು, ಕುಚ್ಚಿಗೆ ಇನ್ನಷ್ಟು ಸೇರಿಸಿ 400 ಗ್ರಾಮ್ ಒಂದೇ ಸಲ ತನ್ನಿ. ಎಲ್ಲ ಉಂಡೆಗಳ ಚೀಟಿಯ ಮೇಲೂ ಲಾಟ್ ನಂಬರ್ ಒಂದೇ ಇರಲಿ. ಲಾಟ್ ಬೇರೆಯಾದರೆ ಅಂಗಡಿ ದೀಪದಲ್ಲಿ ಒಂದೇ ಬಣ್ಣ ಕಾಣುವುದು ಬಿಸಿಲಲ್ಲಿ ಪಟ್ಟೆಪಟ್ಟೆಯಾಗಿ ಕಾಣುತ್ತದೆ.

ಒಂದು ಬದಿ ಸೀದಾ, ಒಂದು ಬದಿ ಉಲ್ಟಾ ಹೆಣೆದರೆ ನುಣುಪು ಬರುತ್ತದೆ ನಿಜ, ಆದರೆ ಅಂಚು ಸುರುಳಿ ಸುತ್ತುತ್ತದೆ. ಎರಡು ಬದಿಯ ಎಳೆತ ಸಮ ಇರುವುದಿಲ್ಲ, ಅದಕ್ಕೇ. ಅಂಚಿಗೆ ನಾಲ್ಕು ಕುಣಿಕೆಯ ಪಟ್ಟಿ ಕೊಟ್ಟರೂ ಪೂರ್ತಿ ನಿಲ್ಲುವುದಿಲ್ಲ. ಎಲ್ಲವೂ ಸೀದಾ ಹೆಣೆದ ಶಾಲು ಎರಡೂ ಬದಿ ಒಂದೇ ಥರ ಕಾಣುತ್ತದೆ, ಚಪ್ಪಟೆಯಾಗಿ ಮಲಗುತ್ತದೆ.

ಶುರುವಿನಲ್ಲಿ ಕಡ್ಡಿಗೆ ಕುಣಿಕೆ ಏರಿಸಲು ಅಗಲದ ಮೂರರಷ್ಟು ದಾರ, ಮೇಲೆ ಒಂದು ಗೇಣು ಬಿಟ್ಟುಕೊಳ್ಳಿ. ಪ್ರತಿ ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ದಾಟಿಸಿದರೆ ಅಂಚು ಜಡೆಯಂತೆ ಸಾಫಾಗಿ ಬರುತ್ತದೆ. ಹೊಸ ಉಂಡೆಯನ್ನು ಅಂಚಿನಲ್ಲೇ ಸೇರಿಸಿ, ನಡುವೆ ಗಂಟು ಹಾಕಬೇಡಿ; ಗಂಟು ಇವತ್ತಲ್ಲ ನಾಳೆ ಹೊರಬದಿಗೆ ಬರುತ್ತದೆ. ಅಕ್ರಿಲಿಕ್ ಜಾರುವ ದಾರವಾದ್ದರಿಂದ ಉಳಿದ ತುದಿಯನ್ನು 7-8 ಸೆಂ.ಮೀ. ಒಂದು ಕಡೆಗೆ ಸೇರಿಸಿ, ಮತ್ತೆ ಹಿಂದಕ್ಕೆ ತಿರುಗಿಸಿ ಕತ್ತರಿಸಿ. ಕೊನೆಗೆ ಮುಚ್ಚುವಾಗ ಇನ್ನೂ ದಪ್ಪ ಕಡ್ಡಿ ಹಿಡಿಯಿರಿ, ಇಲ್ಲದಿದ್ದರೆ ಆ ತುದಿ ಮಾತ್ರ ಮುದುಡುತ್ತದೆ.

10 ಸೆಂ.ಮೀ.ಗೆ 36 ಸಾಲಿನಂತೆ ಒಟ್ಟು ಸುಮಾರು 52,000 ಕುಣಿಕೆ. ನಿಮಿಷಕ್ಕೆ 15 ಹೆಣೆಯುವವರಿಗೆ 58 ತಾಸು. ಗಣೇಶ ಚೌತಿಗೆ ಕುಣಿಕೆ ಏರಿಸಿ ದಿನಕ್ಕೆ ಒಂದು ತಾಸು ಕೂತರೆ ದೀಪಾವಳಿ ಹೊತ್ತಿಗೆ ಮುಗಿಯುತ್ತದೆ.

ಅಕ್ರಿಲಿಕ್ ಶಾಲಿಗೆ ಇಸ್ತ್ರಿ ಮುಟ್ಟಿಸಬೇಡಿ. ಬಿಸಿಗೆ ಎಳೆ ಸತ್ತು ಜೋತುಬೀಳುತ್ತದೆ, ಮತ್ತೆ ಸರಿಯಾಗುವುದಿಲ್ಲ.

ಕಾಲುಚೀಲ

ಪಾದದ ಅಗಲವಾದ ಭಾಗದ ಸುತ್ತಳತೆ ತೆಗೆದುಕೊಳ್ಳಿ. ಚೀಲ ಅದಕ್ಕಿಂತ ಹತ್ತನೇ ಒಂದು ಪಾಲು ಕಿರಿದಾಗಿರಬೇಕು, ಆಗಲೇ ಕಾಲಿಗೆ ಅಂಟಿ ನಿಲ್ಲುತ್ತದೆ. 22 ಸೆಂ.ಮೀ. ಪಾದಕ್ಕೆ 20 ಸೆಂ.ಮೀ. ಚೀಲ, 10 ಸೆಂ.ಮೀ.ಗೆ 32 ಕುಣಿಕೆಯಂತೆ 64. ಪಾದ 25 ಸೆಂ.ಮೀ. ಇದ್ದರೆ 72. ಮುಂದಿನ ಲೆಕ್ಕವೆಲ್ಲ 64ರದು.

ಎರಡು ಕಡ್ಡಿ ಸೇರಿಸಿ ಹಿಡಿದು ಕುಣಿಕೆ ಏರಿಸಿ, ಆಮೇಲೆ ಒಂದನ್ನು ಎಳೆದುಕೊಳ್ಳಿ. ಹೀಗೆ ಸಡಿಲ ಬಿಡದಿದ್ದರೆ ಹಿಮ್ಮಡಿ ಒಳಗೆ ಹೋಗುವುದೇ ಇಲ್ಲ, ಹೋದರೂ ಮೀನಖಂಡದ ಮೇಲೆ ಗೆರೆ ಮೂಡುತ್ತದೆ. ನಾಲ್ಕು ಕಡ್ಡಿಗೆ 16ರಂತೆ ಹಂಚಿ, ಸಾಲು ತಿರುಚಿಲ್ಲವೆಂದು ನೋಡಿಕೊಂಡು ಸುತ್ತು ಸೇರಿಸಿ. ತಿರುಚಿ ಸೇರಿದ ಸುತ್ತನ್ನು ಬಿಚ್ಚದೆ ಬೇರೆ ದಾರಿಯಿಲ್ಲ. ಎರಡು ಸೀದಾ, ಎರಡು ಉಲ್ಟಾದಂತೆ 5 ಸೆಂ.ಮೀ., ಆಮೇಲೆ ಬರೀ ಸೀದಾ 10 ಸೆಂ.ಮೀ. ಕಡ್ಡಿಗಳು ಸೇರುವ ಕಡೆ ಏಣಿಯಂಥ ಸಂದು ಕಂಡರೆ ಹೊಸ ಕಡ್ಡಿಯ ಎರಡನೇ ಕುಣಿಕೆಯಲ್ಲಿ ದಾರ ಬಿಗಿಯಿರಿ. ಮೊದಲನೆಯದನ್ನು ಎಷ್ಟು ಎಳೆದರೂ ಸಡಿಲವಾಗುತ್ತದೆ.

ಹಿಮ್ಮಡಿಯ ಗೋಡೆಗೆ (ಹಿಮ್ಮಡಿಯ ಹಿಂದೆ ನಿಲ್ಲುವ ಪಟ್ಟಿಗೆ) ಅರ್ಧ, ಅಂದರೆ 32 ಕುಣಿಕೆ ಮಾತ್ರ ತೆಗೆದುಕೊಂಡು 32 ಸಾಲು ಹಿಂದೆ ಮುಂದೆ ಹೆಣೆಯಿರಿ. ಸೀದಾ ಬದಿಯಲ್ಲಿ ಒಂದು ದಾಟಿಸಿ ಒಂದು ಹೆಣೆಯುತ್ತ ಹೋಗಿ. ಉಲ್ಟಾ ಬದಿಯಲ್ಲಿ ಮೊದಲನೆಯದನ್ನು ದಾಟಿಸಿ ಉಳಿದದ್ದು ಉಲ್ಟಾ. ದಾಟಿಸಿದ ಕುಣಿಕೆಯ ಹಿಂದೆ ದಾರ ಹಾಯುವುದರಿಂದ ಬಟ್ಟೆ ಇಮ್ಮಡಿ ದಪ್ಪವಾಗುತ್ತದೆ, ಸವೆಯುವುದೂ ಇಲ್ಲೇ ತಾನೆ.

ಈಗ ಹಿಮ್ಮಡಿ ತಿರುಗಿಸುವುದು, ಅಂದರೆ ಚೀಲವನ್ನು ಪಾದದ ಕಡೆಗೆ ಬಾಗಿಸುವುದು. ಇಲ್ಲಿ ಅವಸರ ಬೇಡ. ‘ಜೋಡಿ’ ಎಂದರೆ ಎರಡು ಕುಣಿಕೆಯನ್ನು ಒಂದಾಗಿ ಹೆಣೆಯುವುದು, ‘ಸಂದು’ ಎಂದರೆ ಹಿಂದೆ ತಿರುಗಿಸಿದ ಕಡೆ ಕುಣಿಕೆಗಳ ನಡುವೆ ಕಾಣುವ ಬಿಡುವು.

1ನೇ ಸಾಲು: 18 ಸೀದಾ, ಎರಡು ಕುಣಿಕೆ ಸೇರಿಸಿ ಹಿಂದಿನಿಂದ ಜೋಡಿ, 1 ಸೀದಾ, ತಿರುಗಿಸಿ.
2ನೇ ಸಾಲು: 1 ದಾಟಿಸಿ, 5 ಉಲ್ಟಾ, ಎರಡರ ಉಲ್ಟಾ ಜೋಡಿ, 1 ಉಲ್ಟಾ, ತಿರುಗಿಸಿ.
3ನೇ ಸಾಲು: 1 ದಾಟಿಸಿ, 6 ಸೀದಾ, ಸಂದಿನ ಆಚೀಚಿನ ಎರಡನ್ನು ಜೋಡಿ, 1 ಸೀದಾ, ತಿರುಗಿಸಿ.
4ನೇ ಸಾಲು: 1 ದಾಟಿಸಿ, 7 ಉಲ್ಟಾ, ಸಂದಿನ ಜೋಡಿ, 1 ಉಲ್ಟಾ, ತಿರುಗಿಸಿ.

ಸಾಲಿಗೊಂದರಂತೆ ನಡುವಿನ ಕುಣಿಕೆ ಏರುತ್ತ ಹೋಗುತ್ತದೆ. 13, 14ನೇ ಸಾಲಿನಲ್ಲಿ ಜೋಡಿಯಾದ ಮೇಲೆ ಹೆಣೆಯಲು ಕುಣಿಕೆ ಉಳಿದಿರುವುದಿಲ್ಲ, ಅದು ಸರಿಯೇ. ಕಡ್ಡಿಯ ಮೇಲೆ 18 ಇರಬೇಕು. ಇಲ್ಲವೆಂದರೆ ಎಲ್ಲೋ ಸಂದು ತಪ್ಪಿದೆ. ಮುಂದೆ ಹೋಗದೆ ಗೋಡೆಯ ತನಕ ಬಿಚ್ಚಿ.

ಆ 18ನ್ನು ಹೆಣೆದು ಗೋಡೆಯ ಒಂದು ಅಂಚಿನಲ್ಲಿ 16, ಮೂಲೆಯಲ್ಲಿ ಇನ್ನೊಂದು ಕುಣಿಕೆ ಎತ್ತಿ. ಮೇಲ್ಪಾದದ 32 ಹೆಣೆದು ಆಚೆ ಅಂಚಿನಲ್ಲೂ 17 ಎತ್ತಿ. ಮೂಲೆಯ ಆ ಒಂದು ಬಿಟ್ಟರೆ ಅಲ್ಲಿ ತೂತು ಉಳಿಯುತ್ತದೆ. ಒಟ್ಟು 84 ಆಯಿತು. ಒಂದು ಸುತ್ತು ಬಿಟ್ಟು ಒಂದರಲ್ಲಿ ಎರಡೂ ಪಕ್ಕಕ್ಕೆ ಜೋಡಿ ಹೆಣೆದು ಒಂದೊಂದು ಇಳಿಸುತ್ತ, ಹತ್ತು ಸಲ ಇಳಿಸಿದರೆ ಮತ್ತೆ 64.

ಬೆರಳ ತುದಿಗೆ ಇನ್ನು 4.5 ಸೆಂ.ಮೀ. ಇದೆ ಎನ್ನುವ ತನಕ ಸೀದಾ ಹೋಗಿ. ಕಾಲುಂಗುರ ಹಾಕುವವರಿಗೆ ಅರ್ಧ ಸೆಂ.ಮೀ. ಹೆಚ್ಚು ಹೆಣೆಯಿರಿ, ಒಳಗಡೆ ಉದ್ದದ ದಾರದ ತುದಿ ಉಳಿಸಬೇಡಿ. ಉಂಗುರಕ್ಕೆ ಸಿಕ್ಕಿ ಕಿತ್ತುಬರುತ್ತದೆ. ಆಮೇಲೆ ಎರಡೂ ಪಕ್ಕದಲ್ಲಿ ಎರಡೆರಡರಂತೆ ಸುತ್ತು ಬಿಟ್ಟು ಸುತ್ತು 4 ಕುಣಿಕೆ ಇಳಿಸಿ 32ಕ್ಕೆ ತನ್ನಿ, ಅಲ್ಲಿಂದ ಪ್ರತಿ ಸುತ್ತಿಗೂ ಇಳಿಸಿ 16ಕ್ಕೆ. ಎಂಟಕ್ಕೆ ಎಂಟನ್ನು ದಪ್ಪ ಸೂಜಿಯಲ್ಲಿ ಜೋಡಿಸಿ ಹೊಲಿಯಿರಿ. ಎಳೆದು ಗಂಟು ಹಾಕಿದರೆ ಬೆರಳಿಗೆ ಒತ್ತುತ್ತದೆ.

ಪ್ರತಿ ಭಾಗದ ಸುತ್ತುಗಳನ್ನು ಬರೆದಿಟ್ಟುಕೊಂಡು, ಎರಡನೆಯದನ್ನು ಅದೇ ವಾರ ಶುರು ಮಾಡಿ. ತಿಂಗಳು ಬಿಟ್ಟರೆ ಕೈಯ ಬಿಗಿ ಬದಲಾಗಿ ಜೊತೆ ಒಂದೇ ಅಳತೆ ಬರುವುದಿಲ್ಲ. ಮನೆಯ ಹಿರಿಯರಿಗಾದರೆ ಅಂಗಾಲಿಗೆ ತೆಳು ತೊಗಲಿನ ತುಂಡು ಹೊಲಿದೇ ಕೊಡಿ. ನುಣುಪಾದ ಶಹಾಬಾದ್ ಕಲ್ಲಿನ ಮೇಲೆ ಹೆಣೆದ ಚೀಲ ಜಾರುತ್ತದೆ.