ಜೇಬಿಗೊಂದು ಮಡಚು ಚಾಕು: ಅಲಗಿಗಿಂತ ಮೊದಲು ಕೀಲು ನೋಡಿ

ಮಂಡಿಯಲ್ಲಿ ಗುಮಾಸ್ತನ ಕೆಲಸಕ್ಕೆ ಸೇರಿ ಹದಿನೆಂಟು ವರ್ಷವಾಯಿತು. ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ ಬರುವ ದಿನಗಳಲ್ಲಿ ಜೇಬಿನ ಚಾಕು ಎಷ್ಟು ಸಲ ಹೊರಗೆ ಬರುತ್ತದೋ ಲೆಕ್ಕವಿಲ್ಲ. ಸುತಳಿ ಕೊಯ್ಯಬೇಕು, ಚೀಲದ ಹೊಲಿಗೆ ಬಿಚ್ಚಬೇಕು, ತಾಡಪಾಲಿನ ಹಗ್ಗ ಕತ್ತರಿಸಬೇಕು. ಮಧ್ಯಾಹ್ನ ಅದೇ ಚಾಕು ತೊಳೆದು, ರೊಟ್ಟಿ ಜೊತೆಗೆ ಈರುಳ್ಳಿ ಹೆಚ್ಚಬೇಕು.

ಹಾಗಾಗಿ ಮಂಡಿಯಲ್ಲಿ ಯಾರೇ ಹೊಸ ಚಾಕು ಕೊಂಡರೂ ನನಗೊಮ್ಮೆ ತಂದು ತೋರಿಸುತ್ತಾರೆ. ಹೆಚ್ಚಿನವು ಕೈಗೆ ತೆಗೆದುಕೊಂಡ ಕೂಡಲೇ ಗೊತ್ತಾಗಿಬಿಡುತ್ತದೆ, ಮೂರು ತಿಂಗಳು ಬಾಳುವುದಿಲ್ಲ ಅಂತ. ಎಲ್ಲರೂ ಮಾಡುವ ತಪ್ಪು ಒಂದೇ. ಅಂಗಡಿಯಲ್ಲಿ ಅಲಗಿನ ಹೊಳಪು ನೋಡುತ್ತಾರೆ, ಒಂದು ಕಾಗದ ಕೊಯ್ದು ನೋಡುತ್ತಾರೆ, ದುಡ್ಡು ಕೊಟ್ಟು ಬರುತ್ತಾರೆ. ಕೀಲಿನ ಕಡೆ ಕಣ್ಣು ಹೋಗುವುದೇ ಇಲ್ಲ. ಅಲಗು ಮೊಂಡಾದರೆ ಕಲ್ಲಿಗೆ ಮಸೆದು ಸರಿ ಮಾಡಬಹುದು. ಕೆಟ್ಟ ಕೀಲನ್ನು, ತೆರೆದ ಅಲಗು ಮಡಚದ ಹಾಗೆ ಹಿಡಿಯುವ ಲಾಕು ಕೆಟ್ಟರೆ ಅದನ್ನು, ಸರಿ ಮಾಡಿಕೊಡುವವರು ಊರಲ್ಲಿ ಯಾರೂ ಇಲ್ಲ.

ಹೋದ ವರ್ಷ ನಮ್ಮ ಹಮಾಲಿ ಹುಡುಗನೊಬ್ಬ ಹೊಸ ಚಾಕುವಿನಿಂದ ಪ್ಲಾಸ್ಟಿಕ್ ಡ್ರಮ್ಮಿಗೆ ತೂತು ಮಾಡಲು ಹೋದ. ಮೊನೆ ಒತ್ತಿದ ಕೂಡಲೇ ಲಾಕ್ ಜಾರಿ, ಅಲಗು ಅವನ ತೋರುಬೆರಳಿನ ಮೇಲೇ ಮಡಚಿಕೊಂಡಿತು. ನಾನು ಪಕ್ಕದಲ್ಲೇ ಇದ್ದೆ. ಅವನು ಕೂಗಲೂ ಇಲ್ಲ, ಬೆರಳನ್ನೇ ನೋಡುತ್ತಾ ನಿಂತುಬಿಟ್ಟ. ಮೂರು ಹೊಲಿಗೆ ಬಿದ್ದವು, ಹದಿನೈದು ದಿನ ಕೂಲಿ ಹೋಯಿತು. ಆ ಚಾಕುವನ್ನು ಆಮೇಲೆ ಬಿಸಿಲಿಗೆ ಹಿಡಿದು ನೋಡಿದೆ. ಲಾಕಿನ ತಗಡು ಅಲಗಿನ ಬುಡಕ್ಕೆ ಒಂದು ಕೂದಲೆಳೆಯಷ್ಟು ಮಾತ್ರ ತಾಗುತ್ತಿತ್ತು. ಕೊಳ್ಳುವಾಗಲೇ ಎರಡು ನಿಮಿಷ ನೋಡಿದ್ದರೆ ಕಾಣುತ್ತಿತ್ತು. ಈ ಲೇಖನ ಆ ಎರಡು ನಿಮಿಷದ ಸಲುವಾಗಿ.

ಮೊದಲು ಅಳತೆ

ಅಲಗು ಎರಡೂವರೆಯಿಂದ ಮೂರು ಇಂಚು ಇರಲಿ. ಅದಕ್ಕಿಂತ ಜಾಸ್ತಿ ಬೇಡ. ಹಿಡಿ ನಿಮ್ಮ ಅಂಗೈಯಲ್ಲಿ ನಾಲ್ಕೂ ಬೆರಳಿಗೆ ಸಿಗಬೇಕು. ಅಲಗಿನ ಬೆನ್ನು ಎರಡರಿಂದ ಮೂರು ಮಿಲಿಮೀಟರ್ ದಪ್ಪವಿದ್ದರೆ ಸಾಕು. ದಪ್ಪ ಅಲಗು ಗಟ್ಟಿ ಅಂದುಕೊಂಡು ಕೊಳ್ಳುವವರು ಬಹಳ. ಅದರಲ್ಲಿ ಸೇಬು ಹೆಚ್ಚಿ ನೋಡಿ, ಹೆಚ್ಚುವುದಿಲ್ಲ, ಸೀಳುತ್ತದೆ.

ಹಲ್ಲುಹಲ್ಲಾದ ಅಲಗು ಬೇಡ, ಮನೆಯಲ್ಲಿ ಮಸೆಯಲು ಬರುವುದಿಲ್ಲ. ಕಪ್ಪು ಬಣ್ಣ ಬಳಿದದ್ದೂ ಬೇಡ. ಅಗ್ಗದ ಚಾಕುಗಳಲ್ಲಿ ಆ ಬಣ್ಣ ಏಳುತ್ತದೆ, ಎದ್ದದ್ದು ಹಣ್ಣಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಗುಂಡಿ ಒತ್ತಿದರೆ ಛಕ್ಕನೆ ತೆರೆಯುವ ಚಾಕುವಂತೂ ಮುಟ್ಟಲೇಬೇಡಿ. ಪೊಲೀಸರ ಕಣ್ಣಿಗೆ ಅದು ಕೆಲಸದ ಚಾಕುವಿನ ಹಾಗೆ ಕಾಣುವುದಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳು ಆಯುಧ ಅಂತ ಹೇಳುವುದು ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಚಾಕುಗಳನ್ನು. ಮನೆ, ಹೊಲ, ಕಾರ್ಖಾನೆ ಕೆಲಸಕ್ಕಾಗಿ ಮಾಡಿದವುಗಳಿಗೆ ಅದರಲ್ಲಿ ವಿನಾಯಿತಿ ಇದೆ. ನಮ್ಮ ಮೂರು ಇಂಚಿನ ಚಾಕು ಆ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಹಾಗಂತ ಕೋರ್ಟಿಗೆ, ಮೆರವಣಿಗೆಗೆ, ಮತಗಟ್ಟೆಗೆ ಜೇಬಲ್ಲಿಟ್ಟುಕೊಂಡು ಹೋಗಬೇಡಿ. ವಿಮಾನದಲ್ಲಿ ಕೈಚೀಲಕ್ಕೆ ಹಾಕುವಂತಿಲ್ಲ, ಚೆಕ್-ಇನ್ ಬ್ಯಾಗಿಗೆ ಹಾಕಬೇಕು.

ಉಕ್ಕಿನ ಹೆಸರು ಓದುವುದು

ಅಗ್ಗದ ಚಾಕುಗಳಲ್ಲಿ ಬಹಳಷ್ಟು ಚೀನಾದಿಂದ ಬಂದವು. ಅವುಗಳ ಅಲಗಿನ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ಉಕ್ಕಿನ ಹೆಸರು ಇರುತ್ತದೆ: 3ಸಿಆರ್13, 5ಸಿಆರ್15, 8ಸಿಆರ್13 ಹೀಗೆ. ಇದನ್ನು ಓದುವುದು ಸುಲಭ. ಮೊದಲ ಅಂಕಿ ಕಾರ್ಬನ್ ಲೆಕ್ಕ. 8 ಅಂದರೆ ನೂರಕ್ಕೆ ಸುಮಾರು 0.8ರಷ್ಟು, 3 ಅಂದರೆ ಸುಮಾರು 0.3ರಷ್ಟು. ‘ಸಿಆರ್’ ಅಂದರೆ ಕ್ರೋಮಿಯಂ, 13 ಅಂದರೆ ಅದು ನೂರಕ್ಕೆ ಸುಮಾರು 13 ಪಾಲು. ಕಾರ್ಬನ್ ಜಾಸ್ತಿ ಇದ್ದಷ್ಟೂ ಅಲಗನ್ನು ಗಟ್ಟಿಯಾಗಿ ಹದ ಮಾಡಬಹುದು, ಹರಿತ ಹೆಚ್ಚು ದಿನ ನಿಲ್ಲುತ್ತದೆ. ಕ್ರೋಮಿಯಂ ತುಕ್ಕು ತಡೆಯುತ್ತದೆ. ಮೊದಲ ಅಂಕಿ 3 ಇದ್ದರೆ ಬಿಟ್ಟುಬಿಡಿ. 5 ನಡೆಯುತ್ತದೆ. 8 ಇದ್ದರೆ ಈ ಬೆಲೆಗೆ ಅದಕ್ಕಿಂತ ಒಳ್ಳೆಯದು ಕೇಳಬೇಕಿಲ್ಲ.

ಡಿ2 ಅನ್ನುವ ಉಕ್ಕಿನ ಹೆಸರು ಬರೆದ ಚಾಕುಗಳೂ ಈಗ ಕೈಗೆಟಕುವ ಬೆಲೆಗೆ ಬಂದಿವೆ. ಹರಿತ ಚೆನ್ನಾಗಿ ನಿಲ್ಲುತ್ತದೆ. ಆದರೆ ಅದು ಪೂರ್ತಿ ಸ್ಟೇನ್‌ಲೆಸ್ ಅಲ್ಲ. ಅದರಲ್ಲಿರುವ ಕ್ರೋಮಿಯಂ ಸಾಕಷ್ಟು ಪಾಲು ಕಾರ್ಬನ್ ಜೊತೆ ಸೇರಿ ಗಟ್ಟಿ ಕಣಗಳಾಗಿಬಿಡುತ್ತದೆ, ತುಕ್ಕು ತಡೆಯಲು ಉಳಿಯುವುದು ಕಡಿಮೆ. ನಿಂಬೆಹಣ್ಣು, ಹುಳಿ ಮಾವಿನಕಾಯಿ ಕೊಯ್ದು ಹಾಗೇ ಮಡಚಿಟ್ಟರೆ ಮಾರನೇ ದಿನಕ್ಕೆ ಕಲೆ ಬಿದ್ದಿರುತ್ತದೆ. ಒರೆಸಿಡುವ ಅಭ್ಯಾಸ ಇದ್ದವರು ಮಾತ್ರ ಕೊಳ್ಳಿ.

ಬರೀ ‘ಸ್ಟೇನ್‌ಲೆಸ್’ ಅಂತ ಇದ್ದು ಉಕ್ಕಿನ ಹೆಸರು ಇಲ್ಲದಿದ್ದರೆ ಅದು ಮೆತ್ತನೆಯ ಉಕ್ಕು ಅಂತಲೇ ತಿಳಿಯಿರಿ. ಉಕ್ಕಿನ ಪದರಗಳನ್ನು ಬೆಸೆದು ಮಾಡಿದ, ಅಲೆ ಅಲೆ ಗೆರೆಯ ‘ಡಮಾಸ್ಕಸ್’ ಚಾಕು ಐನೂರು ರೂಪಾಯಿಗೆ ಬರುವುದಿಲ್ಲ. ಅಲಗಿನ ಬೆನ್ನು ನೋಡಿ. ಗೆರೆ ಎರಡು ಮಗ್ಗುಲಲ್ಲಿ ಮಾತ್ರ ಇದ್ದು ಬೆನ್ನ ಮೇಲೆ ಬೋಳಾಗಿದ್ದರೆ, ಅದು ಮೇಲೆ ಅಚ್ಚು ಹಾಕಿದ್ದೇ ಇರಬೇಕು.

ಕೀಲು ಮತ್ತು ಲಾಕ್: ಇಲ್ಲಿ ಅವಸರ ಬೇಡ

ಮಂಡಿಪೇಟೆಯ ಅಂಗಡಿಯಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಒಂದೇ ಚಾಕು ಕೇಳಬೇಡಿ. ಅದೇ ಮಾದರಿಯ ನಾಲ್ಕು ತೆಗೆಸಿ. ಅಗ್ಗದ ಮಾಲಿನಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ, ನಾಲ್ಕರಲ್ಲಿ ಒಂದು ಖಂಡಿತ ಉಳಿದವಕ್ಕಿಂತ ಚೆನ್ನಾಗಿರುತ್ತದೆ. ‘ಎಲ್ಲಾ ಒಂದೇ ರೀ ಅಣ್ಣಾ’ ಅಂತಾರೆ. ನಗುತ್ತಲೇ ನಾಲ್ಕೂ ತೆಗೆಸಿ.

ಮೊದಲು ಮುಚ್ಚಿದ ಚಾಕುವನ್ನು ಬೆಳಕಿಗೆ ಹಿಡಿದು ಮೇಲಿನಿಂದ ನೋಡಿ. ಅಲಗು ಹಿಡಿಯ ಒಳಗಿನ ಎರಡು ತಗಡುಗಳ ನಟ್ಟನಡುವೆ ಕೂತಿರಬೇಕು. ಒಂದು ಕಡೆಗೆ ವಾಲಿ ತಗಡಿಗೆ ಉಜ್ಜುತ್ತಿದ್ದರೆ ಬೇಡ. ಹಿಡಿಯ ಸೀಳಿನ ಮೇಲೆ ಹೆಬ್ಬೆರಳನ್ನು ಹಗುರಾಗಿ ಸವರಿ. ಅಲಗಿನ ಮೊನೆ ಬೆರಳಿಗೆ ತಾಗಿದರೆ ಅದು ದಿನವೂ ನಿಮ್ಮ ಜೇಬು ಹರಿಯುತ್ತದೆ, ಕೈಯನ್ನೂ ಕೊಯ್ಯುತ್ತದೆ. ಆಮೇಲೆ ಅಲಗಿನ ದಿಕ್ಕು ಕೆಳಗೆ ಮಾಡಿ ಒಮ್ಮೆ ಜೋರಾಗಿ ಒದರಿ. ತಾನಾಗಿ ತೆರೆದುಕೊಂಡರೆ ಆ ಚಾಕು ಜೇಬಿಗೆ ಅಲ್ಲ.

ಈಗ ನಿಧಾನಕ್ಕೆ ತೆರೆಯಿರಿ. ಕಣ್ಣು ಮುಚ್ಚಿ ತೆರೆದರೆ ಇನ್ನೂ ಒಳ್ಳೆಯದು. ಮರಳು ಸಿಕ್ಕಿದ ಹಾಗೆ ಕರಕರ ಅನಿಸಬಾರದು. ಪೂರ್ತಿ ತೆರೆದ ಮೇಲೆ ‘ಟಕ್’ ಅಂತ ಒಂದೇ ಸದ್ದು ಗಟ್ಟಿಯಾಗಿ ಬರಬೇಕು.

ತೆರೆದ ಅಲಗನ್ನು ಬೆನ್ನಿನ ಕಡೆಯಿಂದ ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಎಡಕ್ಕೆ ಬಲಕ್ಕೆ ಒಂದು ಚೂರು ಅಲುಗಿದರೆ, ಕೀಲಿನಲ್ಲಿ ಸ್ಕ್ರೂ ಇದೆಯಾ ನೋಡಿ. ನಕ್ಷತ್ರದ ಆಕಾರದ ಸ್ಕ್ರೂ ಇದ್ದರೆ ಮನೆಯಲ್ಲಿ ಕಾಲು ಸುತ್ತು ಬಿಗಿ ಮಾಡಿದರಾಯಿತು. ರಿವೆಟ್ ಹೊಡೆದಿದ್ದರೆ ಆ ಅಲುಗಾಟ ಹೋಗುವುದಿಲ್ಲ, ಬೆಳೆಯುತ್ತದೆ. ಇನ್ನು ಮೇಲೆ ಕೆಳಗೆ ಅಲುಗಿದರೆ ಸ್ಕ್ರೂ ಇದ್ದರೂ ಬೇಡ. ಅದು ಲಾಕಿನ ದೋಷ. ವಾಪಸ್ ಕೊಟ್ಟುಬಿಡಿ.

ಲಾಕುಗಳಲ್ಲಿ ನೀವು ಹೆಚ್ಚಾಗಿ ಕಾಣುವುದು ಎರಡು. ಒಂದು ಲೈನರ್ ಲಾಕ್. ಹಿಡಿಯ ಒಳಗಿನ ತಗಡಿನ ಒಂದು ಪಟ್ಟಿ ಸ್ಪ್ರಿಂಗ್ ಹಾಗೆ ಬಾಗಿ, ಅಲಗಿನ ಬುಡದ ಹಿಂದೆ ಬಂದು ನಿಲ್ಲುತ್ತದೆ. ಆ ಹುಡುಗನ ಬೆರಳು ಕೊಯ್ದದ್ದು ಇದೇ ಜಾತಿ. ತಗಡು ಬುಡದ ಅಗಲದಲ್ಲಿ ಎಷ್ಟು ದೂರ ಬಂದು ನಿಂತಿದೆ ನೋಡಿ. ಕಾಲು ಭಾಗದಿಂದ ಅರ್ಧದವರೆಗೆ ಬಂದಿದ್ದರೆ ಸರಿ. ಅಂಚಿಗಷ್ಟೇ ತಾಗಿದ್ದರೆ ಜಾರುತ್ತದೆ. ಪೂರ್ತಿ ಆ ಕಡೆಯ ಗೋಡೆಗೆ ಹೋಗಿ ಕೂತಿದ್ದರೆ, ಸವೆದಾಗ ಮುಂದೆ ಸರಿಯಲು ಅದಕ್ಕೆ ಜಾಗವೇ ಉಳಿದಿಲ್ಲ ಅಂತ ಅರ್ಥ. ತಗಡು ಗಡ್ಡ ಹೆರೆಯುವ ಬ್ಲೇಡಿನಷ್ಟು ತೆಳುವಾಗಿದ್ದರೂ ಬೇಡ.

ಇನ್ನೊಂದು ಬ್ಯಾಕ್ ಲಾಕ್. ಹಿಡಿಯ ಬೆನ್ನ ಮೇಲೆ ಒತ್ತುವ ಒಂದು ಕಂಬಿ ಇರುತ್ತದೆ. ಅದರ ಕೊಕ್ಕೆ ಅಲಗಿನ ಬುಡದ ಕಚ್ಚಿನಲ್ಲಿ ಪೂರ್ತಿ ಇಳಿದಿರಬೇಕು. ತೆರೆದಾಗ ಕಂಬಿ ಹಿಡಿಯ ಬೆನ್ನಿಗೆ ಸಮವಾಗಿ ಕೂತಿದೆಯಾ ಅಂತ ಬೆರಳಲ್ಲಿ ಸವರಿದರೆ ಗೊತ್ತಾಗುತ್ತದೆ. ಉಬ್ಬಿದ್ದರೆ ಕೊಕ್ಕೆ ಅರ್ಧ ಮಾತ್ರ ಕಚ್ಚಿದೆ. ಮುಚ್ಚುವಾಗ ಬೆರಳನ್ನು ಅಲಗಿನ ದಾರಿಗೆ ತರಬೇಕಾಗಿಲ್ಲ. ಅದಕ್ಕೇ ಅಗ್ಗದ ಬೆಲೆಗೆ ಕೊಳ್ಳುವವರಿಗೆ ನಾನು ಹೇಳುವುದು ಬ್ಯಾಕ್ ಲಾಕೇ. ನನ್ನ ಜೇಬಿನಲ್ಲಿರುವುದೂ ಅದೇ, 650 ರೂಪಾಯಿ ಕೊಟ್ಟದ್ದು, ಆರನೇ ವರ್ಷ ನಡೆಯುತ್ತಿದೆ.

ಯಾವ ಲಾಕ್ ಆದರೂ ಕೊನೆಗೆ ಒತ್ತಿ ನೋಡಬೇಕು. ಇದನ್ನೇ ಎಲ್ಲರೂ ತಪ್ಪಾಗಿ ಮಾಡುವುದು. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿಯಬೇಡಿ. ಲಾಕ್ ಜಾರಿದರೆ ಅಲಗು ಬರುವುದು ನೇರ ಆ ಬೆರಳುಗಳ ಮೇಲೆಯೇ. ಹಿಡಿಯ ಎರಡು ಮಗ್ಗುಲನ್ನು ಹೆಬ್ಬೆರಳು ಮತ್ತು ಉಳಿದ ಬೆರಳುಗಳ ತುದಿಯಿಂದ ಇಕ್ಕಳದ ಹಾಗೆ ಹಿಡಿಯಿರಿ. ಸೀಳಿನ ಮುಂದೆ ಒಂದು ಬೆರಳೂ ಇರಬಾರದು. ಗಲ್ಲಾದ ಅಂಚಿನ ಮೇಲೆ ಮಡಚಿದ ಬಟ್ಟೆ ಇಟ್ಟು, ಅಲಗಿನ ಬೆನ್ನನ್ನು ಅದರ ಮೇಲೆ ನಿಧಾನವಾಗಿ ಒತ್ತಿ. ಅಲಗು ಮಡಚುವ ದಿಕ್ಕಿಗೇ ಒತ್ತುತ್ತಿದ್ದೀರಿ, ನೆನಪಿರಲಿ. ಮೊದಲು ಹಗುರ, ಆಮೇಲೆ ಸ್ವಲ್ಪ ಭಾರ. ಎರಡು ಮೂರು ಸಲ ಮೆಲ್ಲಗೆ ತಟ್ಟಿ. ಬಡಿಯಬೇಡಿ, ಬಡಿದರೆ ಒಳ್ಳೆಯ ಲಾಕೂ ಹಾಳಾಗುತ್ತದೆ. ಲೈನರ್ ಲಾಕಿನ ತಗಡು ಒತ್ತಿದಾಗ ಕೂದಲಷ್ಟು ಹಿಂದೆ ಸರಿದರೂ ಕಣ್ಣಿಗೆ ಕಾಣುತ್ತದೆ. ಸರಿಯಿತೋ, ಕೆಳಗಿಡಿ. ಮುಂದಿನದು ತೆಗೆಯಿರಿ.

ಲಾಕೇ ಇಲ್ಲದ ಚಾಕುಗಳೂ ಇವೆ. ವಿಕ್ಟೋರಿನಾಕ್ಸ್‌ನ ಸಣ್ಣ ಸ್ವಿಸ್ ಚಾಕುಗಳು ಈ ಜಾತಿ. ಬೆನ್ನಿನ ಸ್ಪ್ರಿಂಗ್ ಮಾತ್ರ ಅಲಗನ್ನು ಹಿಡಿದಿರುತ್ತದೆ. 1897ರಿಂದ ಬಂದ ಮಾದರಿ ಅದು. ಹಣ್ಣು, ಸುತಳಿ, ಡಬ್ಬಿ ಕೆಲಸಕ್ಕೆ ಬಹಳ ಒಳ್ಳೆಯದು. ಮೊನೆಯಿಂದ ಚುಚ್ಚುವ ಕೆಲಸ ಮಾತ್ರ ಅದರಲ್ಲಿ ಮಾಡಬಾರದು. ಫ್ರಾನ್ಸಿನ ಒಪಿನೆಲ್ 1890ರಿಂದ ಇದೆ. ಮರದ ಹಿಡಿ, ಕೀಲಿನ ಮೇಲೆ ತಿರುಗಿಸುವ ಉಂಗುರವೇ ಲಾಕ್. ಆ ಉಂಗುರ ಬಂದದ್ದು 1955ರಲ್ಲಿ. ಇಷ್ಟು ಸರಳ, ಇಷ್ಟು ತೆಳು ಅಲಗಿನ ಚಾಕು ಇನ್ನೊಂದಿಲ್ಲ. ಮಳೆಗಾಲದಲ್ಲಿ ನೆನೆದರೆ ಮರ ಉಬ್ಬಿ ತೆರೆಯಲು ಬಿಗಿಯಾಗುತ್ತದೆ, ಒಣಗಿದರೆ ಸರಿಹೋಗುತ್ತದೆ. ಸ್ವಲ್ಪ ಜಾಸ್ತಿ ದುಡ್ಡು ಹಾಕುವವರು ಇವೆರಡನ್ನು ನೋಡಬಹುದು, ಆದರೆ ನಕಲಿಗಳಿಂದ ಹುಷಾರು.

ದುಗ್ಗಮ್ಮನ ಜಾತ್ರೆಯಂಥ ಕಡೆ ರಾಶಿ ಹಾಕಿ ಮಾರುವ ನೂರು ರೂಪಾಯಿ ಚಾಕು, ಟಾರ್ಚು ಲೈಟರು ಎಲ್ಲ ಸೇರಿಸಿದ ಚಾಕು, ಎಟಿಎಂ ಕಾರ್ಡಿನ ಹಾಗೆ ಮಡಚುವ ಪ್ಲಾಸ್ಟಿಕ್ ಚಾಕು, ಇವು ಮಕ್ಕಳ ಕೈಗೂ ಬೇಡ, ದೊಡ್ಡವರ ಕೈಗೂ ಬೇಡ.

ಸುತಳಿ ಪರೀಕ್ಷೆ

ಹೊಸ ಚಾಕು ಯಾವುದಾದರೂ ಕಾಗದ ಕೊಯ್ಯುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ಮನೆಗೆ ತಂದ ದಿನವೇ ಒಂದು ಮಾರು ಸುತಳಿ ತೆಗೆದುಕೊಂಡು, ಮರದ ಹಲಗೆ ಮೇಲಿಟ್ಟು ಮೂವತ್ತು ತುಂಡು ಮಾಡಿ. ಸೆಣಬು ಅಲಗನ್ನು ಬಹಳ ಬೇಗ ಮೊಂಡು ಮಾಡುತ್ತದೆ. ಆಮೇಲೆ ಕಾಗದ ಕೊಯ್ಯಿರಿ. ಸಲೀಸಾಗಿ ಕೊಯ್ದರೆ ಉಕ್ಕು ಚೆನ್ನಾಗಿದೆ. ಪರಪರ ಹರಿದರೆ ಒಮ್ಮೆ ನೀವೇ ಮಸೆದು ಮತ್ತೆ ನೋಡಿ, ಕೆಲವೊಮ್ಮೆ ಕಾರ್ಖಾನೆಯಲ್ಲಿ ಮಸೆದದ್ದೇ ಸರಿ ಇರುವುದಿಲ್ಲ. ಆಗಲೂ ಹರಿದರೆ ಅದು ಮೆತ್ತನೆಯ ಉಕ್ಕು. ಆನ್‌ಲೈನಲ್ಲಿ ತರಿಸುವವರು ವಾಪಸ್ ಕೊಡಲು ಎಷ್ಟು ದಿನ ಇದೆ ಅಂತ ಮೊದಲೇ ನೋಡಿಕೊಳ್ಳಿ. ಡಬ್ಬಿ ಬಿಚ್ಚಿದ ಕೂಡಲೇ ಕೀಲು, ಲಾಕ್ ಎಲ್ಲ ಪರೀಕ್ಷೆ ಮಾಡಿ, ಅವು ಪಾಸಾದ ಮೇಲೆಯೇ ಸುತಳಿಗೆ ಹೋಗಿ. ಬಳಸಿದ ಗುರುತು ಬಿದ್ದರೆ ವಾಪಸ್ ತೆಗೆದುಕೊಳ್ಳುವುದಿಲ್ಲ.

ಕೊಂಡ ಮೇಲೆ

ಕೀಲಿಗೆ ತಿಂಗಳಿಗೊಂದು ಹನಿ ಹೊಲಿಗೆ ಮಿಷಿನ್ ಎಣ್ಣೆ ಬಿಡಿ. ಅಡುಗೆ ಎಣ್ಣೆ ಬೇಡ, ಅಂಟಾಗಿ ಧೂಳು ಹಿಡಿಯುತ್ತದೆ. ಮಂಡಿಯ ಧೂಳು, ಸೆಣಬಿನ ನಾರು ಸೀಳಿನಲ್ಲಿ ತುಂಬಿಕೊಂಡಾಗ ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಹಣ್ಣಿಗೇ ಬಳಸುವವರು ಎಣ್ಣೆ ಹಾಕಿದ ಮೇಲೆ ಅಲಗನ್ನು ಚೆನ್ನಾಗಿ ಒರೆಸಿಕೊಳ್ಳಿ.

ಸೈಕಲ್ ಮೇಲೆ ಸಾಣೆ ಹಿಡಿಯುವವರ ಹತ್ತಿರ ಈ ಸಣ್ಣ ಅಲಗು ಕೊಡಬೇಡಿ. ಕತ್ತಿ, ಈಳಿಗೆಮಣೆಗೆ ಅವರ ಕೈ ಚೆನ್ನ. ತೆಳು ಅಲಗು ತಿರುಗುವ ಕಲ್ಲಿಗೆ ಕಾದು ಅಂಚು ನೀಲಿ ಬಣ್ಣಕ್ಕೆ ತಿರುಗಿತು ಅಂದರೆ ಹದ ಹೋಯಿತು, ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಒಂದು ಸಣ್ಣ ಮಸೆಗಲ್ಲು ತಂದಿಟ್ಟುಕೊಳ್ಳಿ. ಅದೂ ಇಲ್ಲದಿದ್ದರೆ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ. ತಳದಲ್ಲಿ ಹೊಳಪಿಲ್ಲದ, ಒರಟಾದ ಒಂದು ಉಂಗುರ ಇರುತ್ತದೆ. ಅಲಗಿನ ಬೆನ್ನನ್ನು ಚೂರೇ ಎತ್ತಿ ಹಿಡಿದು, ಆ ಉಂಗುರದ ಮೇಲೆ ಎರಡೂ ಮಗ್ಗುಲು ಹತ್ತತ್ತು ಸಲ ಹಗುರಾಗಿ ಎಳೆಯಿರಿ. ವಾರಕ್ಕೊಮ್ಮೆ ಹೀಗೆ ಮಾಡಿದರೆ ಕಲ್ಲಿನ ಕೆಲಸ ಬರುವುದು ಅಪರೂಪ. ಕಪ್ಪಿನ ತಳದಲ್ಲಿ ಕಪ್ಪು ಗೆರೆ ಮೂಡುತ್ತದೆ, ಅದು ಸವೆದ ಉಕ್ಕು. ಸೋಪು ಹಚ್ಚಿ ಉಜ್ಜಿ ತೊಳೆದು ಕಪ್ಪನ್ನು ವಾಪಸ್ ಅಡುಗೆಮನೆಗೆ ಇಡಿ.