ಕಪ್ಪು ಇಂಕಿನ ಬಣ್ಣ ಬಿಡಿಸುವುದು: ನನ್ನ ಅನುಭವ

ಫಿಲ್ಟರ್ ಪೇಪರ್ ಮೇಲೆ ಕಪ್ಪು ಸ್ಕೆಚ್ ಪೆನ್ನಿನ ಚುಕ್ಕೆ ಇಟ್ಟು ತುದಿಯನ್ನು ನೀರಿಗೆ ಇಳಿಬಿಟ್ಟರೆ ನೀಲಿ, ಗುಲಾಬಿ, ಹಳದಿ ಬೇರೆಬೇರೆಯಾಗುತ್ತವೆ ಎಂದು ಶಾಲೆಯಲ್ಲಿ ಓದಿದವರು ಬಹಳ ಮಂದಿ. ಮಾಡಿ ನೋಡಿದಾಗ ಮಾತ್ರ ಅನೇಕರಿಗೆ ಸಿಗುವುದು ಉದ್ದಕ್ಕೆ ಎಳೆದ ಒಂದು ಕಲೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ನಾನು ಪ್ರತಿ ವರ್ಷ ಮಕ್ಕಳ ಕೈಯಲ್ಲಿ ಇದನ್ನು ಮಾಡಿಸುತ್ತೇನೆ. ಬಣ್ಣಗಳು ಬಿಡಿಬಿಡಿಯಾಗಿ ನಿಲ್ಲುತ್ತವೋ ಕಲಸಿಕೊಳ್ಳುತ್ತವೋ ಎಂಬುದು ಚುಕ್ಕೆ ಇಡುವ ಕೈ ಮತ್ತು ಆರಿಸಿಕೊಳ್ಳುವ ದ್ರಾವಕ (ನೀರು, ಸ್ಪಿರಿಟ್ಟಿನಂತಹ ಬಣ್ಣ ಕರಗಿಸುವ ದ್ರವ), ಈ ಎರಡರ ಮೇಲೇ ನಿಂತಿದೆ.

ಕಾಗದ ವಾಟ್‌ಮನ್ ನಂಬರ್ 1 ಎಂಬ ಫಿಲ್ಟರ್ ಪೇಪರ್ ಆದರೆ ಒಳ್ಳೆಯದು. ಸಿಗದಿದ್ದರೆ ಬ್ಲಾಟಿಂಗ್ ಪೇಪರ್ ಸಾಕು. ನೋಟ್‌ಬುಕ್ ಹಾಳೆ ಬೇಡ, ಇಂಕು ಹರಡದಿರಲೆಂದು ಅದಕ್ಕೆ ಲೇಪ ಕೊಟ್ಟಿರುತ್ತಾರೆ, ನೀರು ಸರಿಯಾಗಿ ಏರುವುದಿಲ್ಲ. ಟಿಶ್ಯೂ ಪೇಪರಿನಲ್ಲಿ ನೀರು ಓಡಿಬಿಡುತ್ತದೆ, ಬಣ್ಣಗಳಿಗೆ ಬೇರೆಯಾಗಲು ಪುರಸೊತ್ತೇ ಇರುವುದಿಲ್ಲ. ಹೋಲಿಸಬೇಕಾದ ಪಟ್ಟಿಗಳನ್ನು ಒಂದೇ ಹಾಳೆಯಿಂದ, ಒಂದೇ ದಿಕ್ಕಿಗೆ ಕತ್ತರಿಸುತ್ತೇನೆ. ಕಾಗದದ ನಾರು ಒಂದು ಕಡೆಗೆ ಹೆಚ್ಚು ಸಾಲುಗಟ್ಟಿರುವುದರಿಂದ ಉದ್ದಕ್ಕೆ ಮತ್ತು ಅಡ್ಡಕ್ಕೆ ನೀರಿನ ವೇಗ ಬೇರೆಯಾಗುತ್ತದೆ.

ಕೆಳತುದಿಯಿಂದ 2 ಸೆಂ.ಮೀ. ಮೇಲೆ ಪೆನ್ಸಿಲ್ಲಿನಲ್ಲಿ ತೆಳುವಾಗಿ ಗೆರೆ ಹಾಕಿಸುತ್ತೇನೆ. "ಪೆನ್ಸಿಲ್ ಗೆರೆ ಯಾಕೆ ಸರ್ ಮೇಲೆ ಹೋಗಲ್ಲ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಗ್ರಾಫೈಟ್ ನೀರಿನಲ್ಲೂ ಕರಗದು, ಸ್ಪಿರಿಟ್ಟಿನಲ್ಲೂ ಕರಗದು. ಇನ್ನು ಚುಕ್ಕೆ. ಪೆನ್ನನ್ನು ಒತ್ತಿ ಹಿಡಿಯಬಾರದು, ಮುಟ್ಟಿಸಿ ತೆಗೆಯಬೇಕು. ಒಣಗಿದ ಮೇಲೆ ಅದೇ ಜಾಗಕ್ಕೆ ಮತ್ತೆ ಮುಟ್ಟಿಸಬೇಕು. ಅಗಲ 2 ಮಿ.ಮೀ. ದಾಟದೆ ಗಾಢವಾದರೆ ಅರ್ಧ ಕೆಲಸ ಆದಂತೆಯೇ. ಚುಕ್ಕೆ ದೊಡ್ಡದಾದರೆ ಪ್ರತಿ ಬಣ್ಣವೂ ಅಷ್ಟೇ ದಪ್ಪನಾಗಿ ಏರಿ ಪಕ್ಕದ ಬಣ್ಣದ ಮೇಲೆ ಬೀಳುತ್ತದೆ.

ಅಗಲ ಬಾಯಿಯ ಗಾಜಿನ ಬಾಟಲಿಗೆ ಒಂದು ಸೆಂ.ಮೀ. ನೀರು ಹಾಕಿ, ಪಟ್ಟಿಯನ್ನು ಕಡ್ಡಿಗೆ ಕ್ಲಿಪ್ ಮಾಡಿ ಇಳಿಬಿಡುತ್ತೇವೆ. ನೀರು ಚುಕ್ಕೆಗಿಂತ ಕೆಳಗೇ ಇರಬೇಕು, ಪಟ್ಟಿ ಗಾಜಿಗೆ ತಾಗಬಾರದು, ಬಾಯಿ ಮುಚ್ಚಿರಬೇಕು. ತೆರೆದಿಟ್ಟರೆ ಏರುತ್ತಿರುವ ನೀರು ದಾರಿಯಲ್ಲೇ ಆವಿಯಾಗುತ್ತಾ ಹೋಗುತ್ತದೆ.

ಮುಂದಿನ ಕೆಲವು ನಿಮಿಷ ಕಣ್ಣು ಅಲ್ಲೇ ಇರಬೇಕು. ಒದ್ದೆ ಅಂಚು ಚುಕ್ಕೆಯನ್ನು ಮುಟ್ಟಿದೊಡನೆ ಕಪ್ಪಿನ ಮೇಲ್ತುದಿ ಮಸುಕಾಗಿ ನೀಲಿ ಹೊರಗೆ ಇಣುಕುತ್ತದೆ. ನಾವು ಬಳಸುವ ಸ್ಕೆಚ್ ಪೆನ್ನಿನಲ್ಲಿ ನೀಲಿ ನೀರಿನ ಅಂಚಿನ ಬೆನ್ನಿಗೇ ಓಡುತ್ತದೆ. ಹಿಂದೆ ಗುಲಾಬಿ. ಅದರಡಿ ಇಷ್ಟು ಹೊತ್ತು ಅಡಗಿದ್ದ ಹಳದಿ ಕೊನೆಗೆ ಕಾಣಿಸಿಕೊಳ್ಳುತ್ತದೆ. ನೀರಿನಲ್ಲಿ ಹೆಚ್ಚು ಕರಗಿ ಕಾಗದದ ನಾರಾದ ಸೆಲ್ಯುಲೋಸಿಗೆ ಕಡಿಮೆ ಅಂಟಿಕೊಳ್ಳುವ ಬಣ್ಣ ಮುಂದೆ ಹೋಗುತ್ತದೆ, ಹೆಚ್ಚು ಅಂಟಿಕೊಳ್ಳುವುದು ಹಿಂದೆ ಉಳಿಯುತ್ತದೆ. ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್ 1900ರ ದಶಕದ ಮೊದಲ ವರ್ಷಗಳಲ್ಲಿ ವಾರ್ಸಾದಲ್ಲಿ ಎಲೆಯ ಬಣ್ಣಗಳನ್ನು ಸೀಮೆಸುಣ್ಣದ ಪುಡಿ ತುಂಬಿದ ಕೊಳವೆಯಲ್ಲಿ ಬಿಡಿಸಿದ್ದು ಇದೇ ಬಗೆಯ ಪೈಪೋಟಿಯಿಂದ. ಕಾಗದದ ವಿಧಾನ 1944ರಲ್ಲಿ ಬಂತು. ಅದಕ್ಕೆ ದಾರಿ ಮಾಡಿದ ಬ್ರಿಟಿಷ್ ವಿಜ್ಞಾನಿಗಳಾದ ಮಾರ್ಟಿನ್ ಮತ್ತು ಸಿಂಜ್ ಅವರಿಗೆ 1952ರಲ್ಲಿ ನೊಬೆಲ್ ಬಂತು.

ನೀರು ಮೇಲ್ತುದಿಗೆ ಒಂದು ಸೆಂ.ಮೀ. ಇರುವಾಗಲೇ ಪಟ್ಟಿ ತೆಗೆದು, ಒದ್ದೆ ಅಂಚಿಗೆ ಆ ಕ್ಷಣವೇ ಪೆನ್ಸಿಲ್ ಗುರುತು ಹಾಕಬೇಕು. ಒಣಗಿತೆಂದರೆ ಆ ಅಂಚು ಎಲ್ಲಿತ್ತೆಂದು ತಿಳಿಯುವುದಿಲ್ಲ, ಆಮೇಲೆ ಅಳತೆಯೂ ಇಲ್ಲ. ಗೆರೆಯಿಂದ ಬಣ್ಣದ ನಡುಮಧ್ಯಕ್ಕೆ ಇರುವ ದೂರವನ್ನು ಗೆರೆಯಿಂದ ನೀರಿನ ಅಂಚಿಗಿರುವ ದೂರದಿಂದ ಭಾಗಿಸಿದರೆ ಆರ್‌ಎಫ್ ಮೌಲ್ಯ. ನೀರು 8 ಸೆಂ.ಮೀ., ಗುಲಾಬಿ 6 ಸೆಂ.ಮೀ. ಏರಿದ್ದರೆ 0.75.

ಬಣ್ಣಗಳೆಲ್ಲ ನೀರಿನ ಜೊತೆಗೇ ತುದಿ ಸೇರಿ ಗುಂಪಾದರೆ ಒಂದು ಲೀಟರ್ ನೀರಿಗೆ ಒಂದು ಗ್ರಾಂ ಉಪ್ಪು ಹಾಕಿ ನೋಡಿ. ನೀರಿನಲ್ಲಿ ಸೆಲ್ಯುಲೋಸಿಗೆ ಸ್ವಲ್ಪ ಋಣ ವಿದ್ಯುದಂಶವಿರುತ್ತದೆ. ಇಂತಹ ಪೆನ್ನುಗಳ ಎಷ್ಟೋ ಬಣ್ಣಗಳದ್ದೂ ಋಣವೇ ಆದ್ದರಿಂದ ಎರಡೂ ದೂರ ತಳ್ಳಿಕೊಳ್ಳುತ್ತವೆ. ಉಪ್ಪು ಆ ತಳ್ಳಾಟವನ್ನು ತಗ್ಗಿಸುವುದರಿಂದ ಬಣ್ಣ ಕಾಗದವನ್ನು ಹೆಚ್ಚು ಹಿಡಿದುಕೊಳ್ಳುತ್ತದೆ. ಹತ್ತಿ ನೂಲಿಗೆ ಬಣ್ಣ ಹಾಕುವವರು ಹಂಡೆಗೆ ಉಪ್ಪು ಸುರಿಯುವುದೂ ಇದಕ್ಕೇ.

ಪರ್ಮನೆಂಟ್ ಮಾರ್ಕರ್ ಆದರೆ ನೀರಿನಲ್ಲಿ ಕದಲುವುದೇ ಇಲ್ಲ. ಮೆಡಿಕಲ್ ಸ್ಟೋರಿನ ಐಸೊಪ್ರೊಪೈಲ್ ಸ್ಪಿರಿಟ್ ತನ್ನಿ, ಒಲೆ, ದೀಪದಿಂದ ದೂರವಿಟ್ಟು ಕಿಟಕಿ ತೆರೆದು ಮಾಡಿ. ನೀರಿಗಿಂತ ಇದು ನಿಧಾನ, ಅವಸರ ಪಡಬೇಡಿ. ಸ್ಪಿರಿಟ್ಟಿನಲ್ಲೂ ಗೆರೆಯ ಮೇಲೆ ಬೂದು ಕಲೆ ಅಲ್ಲಾಡದೆ ಕೂತರೆ ಆ ಇಂಕಿನಲ್ಲಿ ಕರಗುವ ಬಣ್ಣದ ಬದಲು ಇಂಗಾಲದ ಕಪ್ಪಿನಂತಹ ಕರಗದ ಪುಡಿ ಇರಬಹುದು. ಕೆಲವು ಜೆಲ್ ಪೆನ್ನುಗಳೂ ಹೀಗೆಯೇ.

ಎರಡು ಪೆನ್ನುಗಳ ಹಳದಿ ಒಂದೇ ಎತ್ತರಕ್ಕೆ ನಿಂತರೆ ಮಕ್ಕಳು "ಎರಡೂ ಒಂದೇ ಬಣ್ಣ" ಎಂದು ಬರೆದುಬಿಡುತ್ತಾರೆ. ಅಷ್ಟಕ್ಕೇ ಒಪ್ಪಬಾರದು ಎಂದು ನಾನು ಹಟ ಹಿಡಿಯುತ್ತೇನೆ. ಒಂದು ದ್ರಾವಕದಲ್ಲಿ ಜೊತೆಗಿದ್ದ ಬಣ್ಣಗಳು ಇನ್ನೊಂದರಲ್ಲಿ ಬೇರೆಯಾಗಬಹುದು. ಅದಕ್ಕೆ ಚೌಕ ಹಾಳೆಯ ಒಂದು ಮೂಲೆಯಲ್ಲಿ ಚುಕ್ಕೆಯಿಟ್ಟು ಮೊದಲು ಉಪ್ಪುನೀರಿನಲ್ಲಿ ಏರಿಸಿ, ಪೂರ್ತಿ ಒಣಗಿಸಿ, ಹಾಳೆಯನ್ನು ಕಾಲು ಸುತ್ತು ತಿರುಗಿಸಿ ಸ್ಪಿರಿಟ್ಟಿನಲ್ಲಿ ಮತ್ತೆ ಏರಿಸುತ್ತೇವೆ. ಕಂದು ಪೆನ್ನೊಂದರಲ್ಲಿ ಹೀಗೆ ಮಾಡಿದಾಗ, ಮೊದಲ ಸುತ್ತಿನಲ್ಲಿ ಒಂದೇ ಎನಿಸಿದ್ದ ಹಳದಿಯಿಂದ ಕಿತ್ತಳೆಯ ಚುಕ್ಕೆಯೊಂದು ಪಕ್ಕಕ್ಕೆ ಸರಿದು ನಿಂತಿತು. ಈಗ ಹಳದಿ ಬಂದ ಪೆನ್ನುಗಳನ್ನೆಲ್ಲ ನಾವು ಎರಡು ದಿಕ್ಕಿಗೂ ಓಡಿಸಿ ನೋಡಿದ ಮೇಲೆಯೇ ಒಂದೇ ಬಣ್ಣ ಹೌದೋ ಅಲ್ಲವೋ ಎಂದು ಬರೆಯುವುದು.